ಆ ದಿನ ಯಾವ ಮೆಟ್ಟಿಲಿನ ಮೇಲಿದೆ?

ಬೆಂಗಳೂರಿನಿಂದ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಿಟಕಿ ಪಕ್ಕ ಎಚ್ಚರವಾಗಿ ಕೂತರೆ ನೆಲ ಮೂರು ಸಲ ಬದಲಾಗುವುದು ಕಾಣುತ್ತದೆ. ರಾಯಚೂರಿನ ಆಸುಪಾಸು ಗುಂಡುಗಲ್ಲುಗಳ ಗ್ರಾನೈಟ್ ಬೆಟ್ಟ. ವಾಡಿ, ಶಹಾಬಾದ್ ಬಂದಾಗ ಹಲಗೆ ಹಲಗೆಯಾಗಿ ಏಳುವ ಸುಣ್ಣಕಲ್ಲು. ನಮ್ಮ ಎಷ್ಟೋ ಮನೆಗಳ ನೆಲಹಾಸು ಅಲ್ಲಿಂದಲೇ ಬಂದದ್ದು. ಕಲಬುರಗಿ ದಾಟುವ ಹೊತ್ತಿಗೆ ಎರೆ ನೆಲ. ಅಲ್ಲಿಂದ ಸೊಲ್ಲಾಪುರ, ಪುಣೆ ಕಳೆದು ಲೋಣಾವಳದ ಘಟ್ಟ ಇಳಿಯುವವರೆಗೂ ಅಡಿಯಲ್ಲಿರುವುದು ಬಹುಪಾಲು ಒಂದೇ ಕಲ್ಲು: ಕಪ್ಪು ಬಸಾಲ್ಟ್.

ಪುಣೆ ಬಿಟ್ಟು ಅರ್ಧ ಗಂಟೆಯೊಳಗೆ ದೇಹೂ ರೋಡ್ ಬರುತ್ತದೆ. ದಂಡು ಪ್ರದೇಶ, ಸೈನ್ಯದ ಡಿಪೋ, ಹಳೆಯ ಹೆದ್ದಾರಿ, ಸಣ್ಣ ಸ್ಟೇಷನ್ನು. ಅಲ್ಲಿಂದ ತಳೇಗಾಂವ್ ಕಡೆಗೆ ಹೋಗುವಾಗ ಘೋರಾಡೇಶ್ವರದ ಗುಡ್ಡ ಕಾಣುತ್ತದೆ. ಅದರ ಹೊಟ್ಟೆಯಲ್ಲಿ ಬೌದ್ಧರು ಕೊರೆದ ಗುಹೆಗಳಿವೆ. ಇನ್ನೊಂದು ದಿಕ್ಕಿನಲ್ಲಿ, ಇಂದ್ರಾಯಣಿ ನದಿಯ ಆಚೆ, ತುಕಾರಾಮರು ಏಕಾಂತಕ್ಕೆ ಹೋಗುತ್ತಿದ್ದರೆಂದು ವಾರಕರಿಗಳು ನಂಬುವ ಭಂಡಾರಾ ಗುಡ್ಡವಿದೆ. ಈ ಸೀಮೆಯ ಗುಡ್ಡಗಳಿಗೆಲ್ಲ ಒಂದೇ ಮುಖಲಕ್ಷಣ. ನೆತ್ತಿ ಚಪ್ಪಟೆ, ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲು. ಕಡಿದಾದ ಒಂದು ಕಲ್ಲಿನ ಗೋಡೆ, ಅದರ ಮೇಲೆ ಹುಲ್ಲು ಬೆಳೆದ ಇಳಿಜಾರು, ಮತ್ತೆ ಗೋಡೆ, ಮತ್ತೆ ಇಳಿಜಾರು.

ಈ ಮೆಟ್ಟಿಲುಗಳು ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಲಾವಾ ಪದರಗಳಿಂದಾದವು. ಡೈನೋಸಾರ್‌ಗಳು ಅಳಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಈ ಲಾವಾ ಹರಿದದ್ದೂ ಹೆಚ್ಚುಕಡಿಮೆ ಆಗಲೇ. ಆಕಾಶದಿಂದ ಒಂದು ಬಂಡೆ ಬಿತ್ತು, ಡೈನೋಸಾರ್‌ಗಳು ಸತ್ತವು ಎಂಬ ಕಥೆ ಇಂದು ಮಕ್ಕಳ ಪುಸ್ತಕದಲ್ಲೂ ಇದೆ. ಆದರೆ ಆ ಮೊಕದ್ದಮೆಯಲ್ಲಿ ಇನ್ನೊಬ್ಬ ಆರೋಪಿಯೂ ಇದ್ದಾನೆ, ಅವನ ಮನೆ ದಖ್ಖನ್ನು. ಅವನ ಮೇಲಿನ ವಿಚಾರಣೆ ನಲವತ್ತು ವರ್ಷ ದಾಟಿದರೂ ಪೂರ್ತಿ ಮುಗಿದಿಲ್ಲ. ಆ ವಿಚಾರಣೆಯ ಇತಿಹಾಸವನ್ನು ಹತ್ತಿರದಿಂದ ನೋಡಿದರೆ ಅದು ಕಾಲ ಅಳೆಯುವ ಇತಿಹಾಸವೆಂದು ತಿಳಿಯುತ್ತದೆ. ಗಡಿಯಾರ ಸೂಕ್ಷ್ಮವಾದಂತೆಲ್ಲ ಪ್ರಶ್ನೆಯೇ ಬದಲಾಗಿದೆ.

ಟ್ರ್ಯಾಪ್ ಎಂದರೆ ಬೋನಲ್ಲ

ಭೂವಿಜ್ಞಾನಿಗಳು ಈ ಕಲ್ಲಿನ ರಾಶಿಯನ್ನು 'ದಖ್ಖನ್ ಟ್ರ್ಯಾಪ್' ಎನ್ನುತ್ತಾರೆ. ಅನುವಾದ ಮಾಡುವವರು ಇಲ್ಲಿ ಎಡವುವುದು ಸುಲಭ, ಏಕೆಂದರೆ ಈ ಟ್ರ್ಯಾಪ್ ಇಲಿಯ ಬೋನಲ್ಲ. ಸ್ವೀಡಿಷ್ ಭಾಷೆಯಲ್ಲಿ 'ತ್ರಪ್ಪಾ' ಎಂದರೆ ಮೆಟ್ಟಿಲು. ಯುರೋಪಿನ ಕಲ್ಲುಶಾಸ್ತ್ರಜ್ಞರು ಮೆಟ್ಟಿಲಿನಂತೆ ಕಾಣುವ ಕಪ್ಪು ಶಿಲೆಗೆ ಈ ಹೆಸರು ಕೊಟ್ಟಿದ್ದರು. ಬಾಂಬೆ ಸರ್ಕಾರದ ಅಂಕಿಅಂಶ ಸಂಗ್ರಹಕ್ಕೆಂದು ದಖ್ಖನ್ನಿನಲ್ಲಿ ತಿರುಗಾಡಿದ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಕಂಪನಿ ಸೈನ್ಯದ ಅಧಿಕಾರಿ 1830ರ ದಶಕದಲ್ಲಿ ಇಲ್ಲಿನ ಶಿಲೆಗಳ ಬಗ್ಗೆ ಬರೆದಾಗ ಅದೇ ಪದ ಬಳಸಿದ. ಪದ ಇಲ್ಲೇ ನೆಲೆಸಿತು.

ಇಂದು ಈ ಕಲ್ಲು ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿದೆ. ಮಹಾರಾಷ್ಟ್ರದ ಬಹುಭಾಗ, ಗುಜರಾತ್ ಮತ್ತು ಮಧ್ಯಪ್ರದೇಶದ ದೊಡ್ಡ ಭಾಗಗಳು, ನಮ್ಮಲ್ಲಿ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ. ಬಿಳಿಜೋಳ ಬೆಳೆಯುವ ಎರೆಮಣ್ಣು ಇದೇ ಕಲ್ಲು ಕರಗಿ ಆದದ್ದು. ಗೋಲಗುಂಬಜಿನ ಗೋಡೆಗಳೂ ಇದೇ ಕಲ್ಲಿನವು. ಪಶ್ಚಿಮ ಘಟ್ಟದಲ್ಲಿ ಪದರಗಳ ಒಟ್ಟು ದಪ್ಪ 2 ಕಿ.ಮೀ.ಗೂ ಹೆಚ್ಚು, ಅಂಚಿಗೆ ಬಂದಂತೆ ತೆಳುವಾಗುತ್ತಾ ನಮ್ಮ ಜಿಲ್ಲೆಗಳಲ್ಲಿ ಮುಗಿದುಹೋಗುತ್ತದೆ. ಕೆಲವು ಪ್ರವಾಹಗಳು ಪೂರ್ವಕ್ಕೆ ಸಾವಿರ ಕಿ.ಮೀ.ಯಷ್ಟು ಹರಿದು ಆಂಧ್ರದ ರಾಜಮಹೇಂದ್ರಿಯವರೆಗೂ ತಲುಪಿದವು ಎಂಬುದು ಹಲವು ಭೂವಿಜ್ಞಾನಿಗಳ ಅಭಿಪ್ರಾಯ.

ಅಂದು ಭಾರತ ಇದ್ದ ಜಾಗವೂ ಬೇರೆ. ಭೂಮಧ್ಯರೇಖೆಯ ದಕ್ಷಿಣಕ್ಕೆ, ಇಂದಿನ ರಿಯೂನಿಯನ್ ದ್ವೀಪ ಇರುವಲ್ಲಿನ ಬಿಸಿಗುಂಡಿಯ ಮೇಲೆ ನಮ್ಮ ಭೂಖಂಡ ಹಾದುಹೋಗುತ್ತಿತ್ತು. ಆ ಗುಂಡಿ ಇನ್ನೂ ಆರಿಲ್ಲ, ರಿಯೂನಿಯನ್ನಿನ ಜ್ವಾಲಾಮುಖಿ ಇಂದಿಗೂ ಉಗುಳುತ್ತದೆ. ಭಾರತ ಹೀಗೆ ತೇಲಿ ಬಂತೆಂದು ತೋರಿಸಿದ ಮೊದಲ ಸಾಕ್ಷಿಗಳಲ್ಲಿ ಈ ಬಸಾಲ್ಟ್ ಕೂಡ ಒಂದು. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಕಾಲದ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. 1950ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ದಖ್ಖನ್ನಿನ ಕಲ್ಲುಗಳನ್ನು ಅಳೆದಾಗ ಅವು ಹುಟ್ಟಿದ್ದು ದಕ್ಷಿಣ ಗೋಳಾರ್ಧದಲ್ಲಿ ಎಂದು ಗೊತ್ತಾಯಿತು.

ಕೋಟಿಗಳಲ್ಲಿ ಲೆಕ್ಕ ಹಾಕುತ್ತಿದ್ದ ಕಾಲ

ಈ ಕಲ್ಲಿಗೆ ವಯಸ್ಸೆಷ್ಟು ಎಂಬ ಜಗಳ ಹಳೆಯದು. ಎರಡು ಲಾವಾ ಪದರಗಳ ನಡುವೆ ಅಲ್ಲಲ್ಲಿ ಕೆರೆ, ಹೊಂಡಗಳ ಕೆಸರು ಉಳಿದು ಕಲ್ಲಾಗಿದೆ. 1850ರ ದಶಕದಲ್ಲಿ ನಾಗಪುರದಲ್ಲಿದ್ದ ಸ್ಟೀಫನ್ ಹಿಸ್ಲಾಪ್ ಎಂಬ ಮಿಷನರಿ ಇಂಥ ಪದರಗಳಿಂದ ಶಂಖಮೃದ್ವಂಗಿ, ಬೀಜ, ಕಾಯಿಗಳ ಪಳೆಯುಳಿಕೆ ಹೆಕ್ಕಿದ. ಅದಕ್ಕೂ ಮೊದಲೇ, 1828ರಲ್ಲಿ, ಠಗ್ಗರನ್ನು ಹಿಡಿದು ಹೆಸರಾದ ವಿಲಿಯಂ ಸ್ಲೀಮನ್‌ಗೆ ಜಬಲ್ಪುರದ ಬಳಿ ದೊಡ್ಡ ಮೂಳೆಗಳು ಸಿಕ್ಕಿದ್ದವು. ಡೈನೋಸಾರ್ ಎಂಬ ಪದ ಆಗ ಹುಟ್ಟಿರಲೇ ಇಲ್ಲ. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಆ ಮೂಳೆಗಳ ಪ್ರಾಣಿಗೆ 'ಟೈಟನೋಸಾರಸ್ ಇಂಡಿಕಸ್' ಎಂದು ಹೆಸರಿಟ್ಟ. ಆ ಮೂಳೆಗಳಿದ್ದ ಪದರ ಲಾವಾದ ಅಡಿಯಲ್ಲಿತ್ತು.

ಹಾಗಾದರೆ ಲಾವಾ ಡೈನೋಸಾರ್ ಕಾಲದ್ದೋ, ಅವು ಹೋದ ನಂತರದ್ದೋ? ಸಸ್ಯ ಪಳೆಯುಳಿಕೆಗಳ ತಜ್ಞ ಬೀರಬಲ್ ಸಾಹ್ನಿ 1934ರಲ್ಲಿ ಬೆಂಗಳೂರಿನಿಂದ ಹೊರಡುತ್ತಿದ್ದ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದೇ ಪ್ರಶ್ನೆಯನ್ನು ತಲೆಬರಹವಾಗಿಟ್ಟು ಬರೆದರು. ಅವರ ವಾದ, ಈ ಗಿಡಗಳು ಡೈನೋಸಾರ್ ನಂತರದ ಯುಗದವು ಎಂದು. ಬೇರೆಯವರು ಒಪ್ಪಲಿಲ್ಲ. 1960-70ರ ದಶಕಗಳಲ್ಲಿ ಪೊಟ್ಯಾಸಿಯಂ ಆರ್ಗಾನ್ ಆಗಿ ಬದಲಾಗುವ ವೇಗದಿಂದ ಕಲ್ಲಿನ ವಯಸ್ಸು ಲೆಕ್ಕಹಾಕುವ ವಿಧಾನ ಬಂದಾಗ ಜಗಳ ತೀರಬೇಕಿತ್ತು. ತೀರಲಿಲ್ಲ. ಬಂದ ಅಂಕಿಗಳು 8 ಕೋಟಿ ವರ್ಷದಿಂದ 3 ಕೋಟಿ ವರ್ಷದವರೆಗೂ ಚೆಲ್ಲಾಪಿಲ್ಲಿಯಾಗಿದ್ದವು. ಮಳೆನೀರು ಇಳಿದು ಹಳಸಿದ ಬಸಾಲ್ಟಿನಿಂದ ಆರ್ಗಾನ್ ಸೋರಿಹೋಗುತ್ತದೆ. ಆಗ ಕಲ್ಲು ತನ್ನ ವಯಸ್ಸನ್ನು ಕಡಿಮೆ ಹೇಳುತ್ತದೆ. ಐದು ಕೋಟಿ ವರ್ಷ ನಿಧಾನವಾಗಿ ಹರಿದ ಲಾವಾದ ಮೇಲೆ ಯಾರೂ ಕೊಲೆಯ ಆರೋಪ ಹೊರಿಸಲಾರರು. ಅಷ್ಟು ದೀರ್ಘ ಕಾಲದಲ್ಲಿ ಗಾಳಿ, ಕಡಲು, ಜೀವಿಗಳು ಎಲ್ಲವೂ ಹೊಂದಿಕೊಳ್ಳುತ್ತವೆ.

ಇಟಲಿಯ ಜೇಡಿ, ಮೆಕ್ಸಿಕೋದ ಕುಳಿ

ಅಷ್ಟರಲ್ಲಿ ಕಥೆ ಇಟಲಿಗೆ ಹೋಯಿತು. ಗುಬ್ಬಿಯೊ ಪಟ್ಟಣದ ಬಳಿ ಸುಣ್ಣಕಲ್ಲಿನ ಪದರಗಳ ನಡುವೆ ಬೆರಳಗಲದ ಜೇಡಿಯ ಗೆರೆಯೊಂದಿದೆ. ಅದರ ಕೆಳಗೆ ಡೈನೋಸಾರ್ ಯುಗದ ಸೂಕ್ಷ್ಮ ಕಡಲಜೀವಿಗಳು, ಮೇಲೆ ಅವು ಬಹುಪಾಲು ಇಲ್ಲ. ಆ ಗೆರೆ ಕೂಡಲು ಎಷ್ಟು ಕಾಲ ಹಿಡಿಯಿತೆಂದು ತಿಳಿಯಲು ಭೂವಿಜ್ಞಾನಿ ವಾಲ್ಟರ್ ಆಲ್ವರೆಜ್ ಮತ್ತು ಅವರ ತಂದೆ, ನೊಬೆಲ್ ಪಡೆದ ಭೌತವಿಜ್ಞಾನಿ ಲೂಯಿಸ್ ಆಲ್ವರೆಜ್ ಇರಿಡಿಯಂ ಅಳೆಯಲು ಹೊರಟರು. ಭೂಮಿಯ ಮೇಲ್ಪದರದಲ್ಲಿ ಇರಿಡಿಯಂ ತೀರಾ ವಿರಳ. ಬಾಹ್ಯಾಕಾಶದ ಧೂಳು ನಿಧಾನವಾಗಿ ಉದುರುತ್ತಾ ಅದನ್ನು ತರುತ್ತದೆ. ಎಷ್ಟು ಇರಿಡಿಯಂ ಇದೆಯೋ ಅಷ್ಟು ಕಾಲ ಎಂಬ ಲೆಕ್ಕ. ಅಂದರೆ ಅವರು ಹುಡುಕಿದ್ದೂ ಒಂದು ಗಡಿಯಾರವನ್ನೇ. ಸಿಕ್ಕಿದ್ದು ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. 1980ರಲ್ಲಿ, ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮಿಶೆಲ್ ಜೊತೆ ಸೇರಿ, ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಭೂಮಿಗೆ ಬಡಿದಿತ್ತೆಂದು ಅವರು ಪ್ರಕಟಿಸಿದರು.

ನಮ್ಮ ಪತ್ರಿಕೆಗಳು ಇದನ್ನು 'ಉಲ್ಕೆ' ಎಂದು ಬರೆಯುವುದುಂಟು. ಉಲ್ಕೆ ರಾತ್ರಿಯ ಆಕಾಶದಲ್ಲಿ ಗೆರೆ ಎಳೆದು ಆರಿಹೋಗುವಂಥದ್ದು. ಇದು ಎವರೆಸ್ಟ್ ಎತ್ತರವನ್ನೂ ಮೀರಿದ ಬಂಡೆ. ಕ್ಷುದ್ರಗ್ರಹ ಎಂಬ ಪದದಲ್ಲಿನ 'ಕ್ಷುದ್ರ' ಗ್ರಹಗಳ ಪಕ್ಕ ಇಟ್ಟಾಗ ಮಾತ್ರ ಹೊಂದುತ್ತದೆ.

ಬಿದ್ದ ಜಾಗ ಗಟ್ಟಿಯಾದದ್ದು 1991ರಲ್ಲಿ. ಮೆಕ್ಸಿಕೋದ ಯುಕಟಾನಿನಲ್ಲಿ, ಚಿಕ್ಶುಲೂಬ್ ಎಂಬ ಊರಿನ ಕೆಳಗೆ, ಸುಮಾರು 180 ಕಿ.ಮೀ. ಅಗಲದ ಕುಳಿ ಹೂತುಹೋಗಿತ್ತು. ತೈಲ ಹುಡುಕುತ್ತಿದ್ದ ಗ್ಲೆನ್ ಪೆನ್‌ಫೀಲ್ಡ್, ಆಂತೋನಿಯೊ ಕಮಾರ್ಗೊ 1981ರಲ್ಲೇ ಅದನ್ನು ವರದಿ ಮಾಡಿದ್ದರೂ ಹೆಚ್ಚಿನವರ ಕಿವಿಗೆ ಬಿದ್ದಿರಲಿಲ್ಲ. ಬಂಡೆ ಬಿದ್ದ ಜಾಗದಲ್ಲಿ ಗಂಧಕವುಳ್ಳ ಜಿಪ್ಸಂ ಹೇರಳವಾಗಿತ್ತು. ಆ ಗಂಧಕ, ಧೂಳು, ಮಸಿ ಮೇಲೆದ್ದು ಬಿಸಿಲನ್ನು ಮುಚ್ಚಿದವು. ಗಿಡಗಳು ಬಡವಾದವು, ಕಡಲಿನ ಪಾಚಿ ಸೊರಗಿತು, ಅವನ್ನು ನಂಬಿದವು ಸತ್ತವು. ಸುಮಾರು ನಾಲ್ಕರಲ್ಲಿ ಮೂರು ಭಾಗ ಜೀವಜಾತಿಗಳು ಅಳಿದವು.

ಇಲ್ಲೊಂದು ಗೊಂದಲ ಬಿಡಿಸಬೇಕು. ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರವೂ ಆಕಾಶದಿಂದ ಬಿದ್ದ ಬಂಡೆ ತೋಡಿದ ಕುಳಿಯೇ, ಅದೂ ಇದೇ ದಖ್ಖನ್ ಬಸಾಲ್ಟಿನಲ್ಲಿ. ಆದರೆ ಅದರ ಅಗಲ 1.8 ಕಿ.ಮೀ.ಯಷ್ಟು, ಚಿಕ್ಶುಲೂಬ್‌ನ ನೂರರಲ್ಲಿ ಒಂದು ಪಾಲು. ಅದು ಬಿದ್ದದ್ದು ಲಾವಾ ಆರಿ ಕೋಟ್ಯಂತರ ವರ್ಷ ಕಳೆದ ಮೇಲೆ. ಅದಕ್ಕೂ ಡೈನೋಸಾರ್‌ಗಳಿಗೂ ಸಂಬಂಧವಿಲ್ಲ.

ಎರಡನೇ ಆರೋಪಿ

ಆಲ್ವರೆಜ್ ತಂಡ ಬಂಡೆಯನ್ನು ಬೊಟ್ಟುಮಾಡಿದ ಹೊತ್ತಿನಲ್ಲೇ ಅಮೆರಿಕದ ಡ್ಯೂಯಿ ಮೆಕ್ಲೀನ್ ದಖ್ಖನ್ನಿನ ಕಡೆ ಬೆರಳು ತೋರಿಸಿದರು. ಇಷ್ಟು ಲಾವಾ ಹೊರಬಂದರೆ ಜೊತೆಗೆ ಬರುವ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಕಾಯಿಸದೆ ಬಿಡುತ್ತದೆಯೇ ಎಂಬುದು ಅವರ ಪ್ರಶ್ನೆ. ಲೂಯಿಸ್ ಆಲ್ವರೆಜ್ ಅದನ್ನು ಗಂಭೀರವಾಗಿ ಎತ್ತಿಕೊಳ್ಳಲಿಲ್ಲ. ಎರಡು ಬಣಗಳ ನಡುವೆ ವಿಜ್ಞಾನದಲ್ಲಿ ವಿರಳವಾದಷ್ಟು ಕಹಿ ಬೆಳೆಯಿತು.

ಮೆಕ್ಲೀನ್ ವಾದಕ್ಕಿದ್ದ ದೊಡ್ಡ ತೊಡಕು ಮೇಲೆ ಹೇಳಿದ ಆ ಚೆಲ್ಲಾಪಿಲ್ಲಿ ವಯಸ್ಸು. ಅದನ್ನು ಬಿಡಿಸಿದವರಲ್ಲಿ ಮುಖ್ಯರು ಫ್ರಾನ್ಸಿನ ವಿನ್ಸೆಂಟ್ ಕೂರ್ಟಿಯೋ. ಅವರು ಭಾರತಕ್ಕೆ ಬಂದದ್ದು ಹಿಮಾಲಯದ ಹುಟ್ಟು ಅರಿಯಲು ಭಾರತದ ಚಲನೆಯನ್ನು ಅಳೆಯುವುದಕ್ಕೆ. ಆದರೆ ದಖ್ಖನ್ನಿನ ಪದರಗಳಲ್ಲಿ ಕಂಡದ್ದು ಬೇರೆ. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ; ಐದು ಕೋಟಿ ವರ್ಷ ಹರಿದ ಲಾವಾದಲ್ಲಿ ಅಂಥ ಹತ್ತಾರು ಅದಲುಬದಲು ದಾಖಲಾಗಿರಬೇಕು. ಇಲ್ಲಿ ಕಂಡದ್ದು ಎರಡೇ. ಲಾವಾದ ಬಹುಪಾಲು ಧ್ರುವಗಳು ತಿರುಗಿದ್ದ ಒಂದೇ ಚಿಕ್ಕ ಅವಧಿಗೆ ಸೇರಿತ್ತು. ಆ ಅವಧಿ 10 ಲಕ್ಷ ವರ್ಷಕ್ಕೂ ಕಡಿಮೆ, ಮತ್ತು ಅಳಿವಿನ ಗೆರೆ ಬರುವುದೂ ಅದರೊಳಗೇ. 1986ರಲ್ಲಿ ಇದು ಪ್ರಕಟವಾಯಿತು. ಐದು ಕೋಟಿ ವರ್ಷದ ಕಥೆ ಕೆಲವು ಲಕ್ಷ ವರ್ಷಕ್ಕೆ ಕುಗ್ಗಿದ್ದೇ ತಡ, ಆರೋಪ ನಿಲ್ಲತೊಡಗಿತು.

ಆರೋಪ ಎಷ್ಟು ದೊಡ್ಡದು ಎಂದು ತಿಳಿಯಲು ಐಸ್‌ಲ್ಯಾಂಡಿನ ಲಾಕಿ ನೆನಪಿಸಿಕೊಳ್ಳಬಹುದು. 1783ರಲ್ಲಿ ಅಲ್ಲಿ ನೆಲ ಬಿರಿದು ಎಂಟು ತಿಂಗಳಲ್ಲಿ ಸುಮಾರು 15 ಘನ ಕಿ.ಮೀ. ಲಾವಾ ಬಂತು. ವಿಷದ ಮಂಜಿಗೆ ಹುಲ್ಲು ಹಾಳಾಯಿತು, ಕುರಿ ದನ ಸತ್ತವು, ಬರಗಾಲಕ್ಕೆ ದೇಶದ ಐದನೇ ಒಂದು ಭಾಗದಷ್ಟು ಜನ ತೀರಿಕೊಂಡರು. ದಖ್ಖನ್ನಿನ ಒಟ್ಟು ಲಾವಾ ಅಂದಾಜು 10 ಲಕ್ಷ ಘನ ಕಿ.ಮೀ.ಗೂ ಹೆಚ್ಚು. ಅದು ಬಂದದ್ದೂ ಲಾಕಿಯಂತೆ ನೆಲದ ಉದ್ದುದ್ದ ಬಿರುಕುಗಳಿಂದ. ದೇಹೂ ರೋಡಿನ ಗುಡ್ಡಗಳಲ್ಲಿ ಜ್ವಾಲಾಮುಖಿಯ ಬಾಯಿ ಹುಡುಕಿದರೆ ಸಿಗದಿರುವುದು ಅದಕ್ಕೇ.

ಎರಡು ಗಡಿಯಾರ, ಎರಡು ಉತ್ತರ

ಈಗ ಪ್ರಶ್ನೆ 'ಯಾವ ಯುಗ' ಎಂಬುದಲ್ಲ, 'ಮೊದಲೋ, ಆಮೇಲೋ' ಎಂಬುದು. ಬಂಡೆ ಬೀಳುವ ಮೊದಲೇ ಲಾವಾ ಹರಿಯುತ್ತಿತ್ತೇ? ಕಚ್ಛಿನ ಅಂಜಾರ್ ಬಳಿ ಲಾವಾ ಪದರಗಳ ನಡುವಿನ ಕೆಸರುಗಲ್ಲಿನಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನರೇಂದ್ರ ಭಂಡಾರಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇರಿಡಿಯಂ ಹೆಚ್ಚಿದ್ದ ತೆಳು ಗೆರೆಗಳನ್ನು ಕಂಡರು. ಅದು ಆ ಬಂಡೆಯದ್ದೇ ಧೂಳಾಗಿದ್ದರೆ, ಬಂಡೆ ಬಿದ್ದಾಗ ಅದರ ಕೆಳಗಿನ ಲಾವಾ ಆಗಲೇ ಹರಿದು ಆರಿತ್ತು ಎಂದರ್ಥ. ಆದರೆ ಒಂದರ ಬದಲು ಮೂರು ಗೆರೆಗಳಿದ್ದುದರಿಂದ ಆ ಸಾಕ್ಷಿಯ ಮೇಲೂ ಪಾಟೀಸವಾಲು ನಡೆಯಿತು.

2019ರ ಫೆಬ್ರವರಿಯಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಒಂದು ಪ್ರಿನ್ಸ್‌ಟನ್ನಿನ ಬ್ಲೇರ್ ಶೋನ್, ಗೆರ್ಟಾ ಕೆಲ್ಲರ್ ಮತ್ತು ಅಮರಾವತಿಯ ಖಾದ್ರಿ ಇದ್ದ ತಂಡದ್ದು. ಅವರ ಗಡಿಯಾರ ಯುರೇನಿಯಂ. ಬಸಾಲ್ಟಿನಲ್ಲಿ ಅದಕ್ಕೆ ಬೇಕಾದ ಜಿರ್ಕಾನ್ ಹರಳು ಸಿಗುವುದು ಅಪರೂಪ. ಆದ್ದರಿಂದ ಅವರು ಎರಡು ಲಾವಾ ಪದರಗಳ ನಡುವಿನ ಕೆಂಪು ಮಣ್ಣಿನಲ್ಲಿ, ಗಾಳಿಯಲ್ಲಿ ಬಂದು ಬಿದ್ದ ಬೂದಿಯೊಳಗಿನ ಹರಳುಗಳನ್ನು ಜಾಲಿಸಿ ತೆಗೆದರು. ಇನ್ನೊಂದು ಕೋರ್ಟ್ನಿ ಸ್ಪ್ರೇನ್, ಪಾಲ್ ರೆನ್ನೆ, ಐಐಟಿ ಬಾಂಬೆಯ ಕಾಂಚನ್ ಪಾಂಡೆ ಮೊದಲಾದವರದ್ದು. ಅವರು ಸುಧಾರಿಸಿದ ಆರ್ಗಾನ್ ಗಡಿಯಾರದಿಂದ ಲಾವಾವನ್ನೇ ಅಳೆದರು.

ಲಾವಾದ ಬಹುಪಾಲು 10 ಲಕ್ಷ ವರ್ಷದೊಳಗೆ ಬಂತು, ಅಳಿವಿಗೆ ಮೊದಲೇ ಶುರುವಾಗಿ ಆಮೇಲೂ ಮುಂದುವರಿಯಿತು ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ಒಡಕು ಬಂದದ್ದು ಎಲ್ಲಿ ಹೆಚ್ಚು ಎಂಬಲ್ಲಿ. ಶೋನ್ ತಂಡ ನಾಲ್ಕು ದೊಡ್ಡ ಉಕ್ಕುಗಳನ್ನು ಗುರುತಿಸಿತು. ಅದರಲ್ಲೊಂದು ಅಳಿವಿಗೆ ಕೆಲವೇ ಹತ್ತು ಸಾವಿರ ವರ್ಷ ಮುಂಚೆ ಶುರುವಾಯಿತೆಂದಿತು. ಸ್ಪ್ರೇನ್ ತಂಡ ಮುಕ್ಕಾಲು ಭಾಗದಷ್ಟು ಲಾವಾ ಬಂದದ್ದು ಅಳಿವಿನ ನಂತರ ಎಂದಿತು. ಮೊದಲನೆಯದು ನಿಜವಾದರೆ ದಖ್ಖನ್ನು ಸಹ ಆರೋಪಿ. ಎರಡನೆಯದು ನಿಜವಾದರೆ, ಬಂಡೆ ಬಡಿದ ಅದುರಿಗೇ ಇಲ್ಲಿನ ಲಾವಾ ಜೋರಾಯಿತೇ ಎಂಬ ತಿರುಗುಪ್ರಶ್ನೆ ಏಳುತ್ತದೆ. ರೆನ್ನೆ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲೇ ಆ ಸಾಧ್ಯತೆ ಎತ್ತಿದ್ದರು.

2020ರಲ್ಲಿ ಪಿನ್ಸೆಲ್ಲಿ ಹಲ್ ಮುಂದಾಳತ್ವದ ತಂಡ ಕಡಲತಳದ ಕೆಸರಿನಿಂದ ಆ ಕಾಲದ ತಾಪಮಾನ ಲೆಕ್ಕ ಹಾಕಿತು. ಅಳಿವಿಗೆ ಸುಮಾರು 2 ಲಕ್ಷ ವರ್ಷ ಮೊದಲು ಭೂಮಿ 2 ಡಿಗ್ರಿಯಷ್ಟು ಬೆಚ್ಚಗಾಗಿ, ಬಂಡೆ ಬೀಳುವ ಹೊತ್ತಿಗೆ ಮತ್ತೆ ತಣಿದಿತ್ತು. ಲಾವಾದ ಅನಿಲ ಹವೆಯನ್ನು ಬದಲಿಸಿದ್ದು ನಿಜ, ಆದರೆ ಜೀವಿಗಳು ಅದನ್ನು ತಾಳಿಕೊಂಡಿದ್ದವು. ಇಂದು ಹೆಚ್ಚಿನ ವಿಜ್ಞಾನಿಗಳು ಒಲಿದಿರುವುದು ಈ ಕಡೆಗೆ: ಕೊಂದದ್ದು ಬಂಡೆ, ದಖ್ಖನ್ನಿನ ಪಾಲು ಅದರ ಮುಂಚಿನ ಏರುಪೇರಿನಲ್ಲಿ, ಪ್ರಾಯಶಃ ಅದರ ನಂತರದ ನಿಧಾನ ಚೇತರಿಕೆಯಲ್ಲಿ. ಕೆಲ್ಲರ್ ಅವರಂಥವರು ಇದನ್ನು ಒಪ್ಪಿಲ್ಲ.

ಕೆಂಪು ಪದರ

ಖಂಡಾಲಾ, ಕಾತ್ರಜ್ ಘಟ್ಟಗಳಲ್ಲಿ ರಸ್ತೆಗೆಂದು ಕಡಿದ ಗೋಡೆಗಳನ್ನು ನೋಡಿದವರಿಗೆ ಕಪ್ಪು ಕಲ್ಲಿನ ನಡುವೆ ಇಟ್ಟಿಗೆ ಬಣ್ಣದ ಪಟ್ಟಿ ಕಂಡಿರಬಹುದು. ಒಂದು ಲಾವಾ ಆರಿ, ಮಳೆ ಗಾಳಿಗೆ ಸವೆದು, ಮಣ್ಣಾಗುವಷ್ಟು ಕಾಲ ಸುಮ್ಮನಿತ್ತು, ಆಮೇಲೆ ಮುಂದಿನ ಲಾವಾ ಬಂದು ಆ ಮಣ್ಣನ್ನು ಸುಟ್ಟು ಮುಚ್ಚಿತು. ಆ ಪಟ್ಟಿಯೆಂದರೆ ಬಿಡುವು. ಒಟ್ಟು ಲಾವಾವನ್ನು ಒಟ್ಟು ವರ್ಷಗಳಿಂದ ಭಾಗಿಸಿದರೆ ವರ್ಷಕ್ಕೆ ಒಂದೂವರೆ ಘನ ಕಿ.ಮೀ. ಆಸುಪಾಸು ಬರುತ್ತದೆ. ಆದರೆ ಲಾವಾ ಸರಾಸರಿಯಂತೆ ಹರಿಯುವುದಿಲ್ಲ. ಬಂದಾಗ ಒಮ್ಮೆಲೇ ಬಂದು, ನಂತರ ಸಾವಿರಾರು ವರ್ಷ ಸುಮ್ಮನಿರುತ್ತದೆ.

ಆ ಬಿಡುವಿನಲ್ಲಿ ಜೀವ ವಾಪಸು ಬರುತ್ತಿತ್ತು. ಹಿಸ್ಲಾಪನಿಂದ ಹಿಡಿದು ಚಂಡೀಗಢದ ಅಶೋಕ್ ಸಾಹ್ನಿಯವರ ತಂಡದವರೆಗೆ ಹಲವರು ಈ ನಡುವಿನ ಪದರಗಳಲ್ಲಿ ಮೀನು, ಕಪ್ಪೆ, ಆಮೆ, ಪುಟ್ಟ ಸಸ್ತನಿಗಳನ್ನು ಕಂಡಿದ್ದಾರೆ. ಅಂಜಾರ್‌ನಲ್ಲಿ ಲಾವಾ ಪದರಗಳ ನಡುವೆಯೇ ಡೈನೋಸಾರ್ ಮೂಳೆ, ಮೊಟ್ಟೆಯ ಚಿಪ್ಪು ಸಿಕ್ಕಿವೆ. ಜ್ವಾಲಾಮುಖಿಯ ಅಂಗಳದಲ್ಲೇ ಡೈನೋಸಾರ್‌ಗಳು ಮೊಟ್ಟೆಯಿಡುತ್ತಿದ್ದವು ಎಂದಾಯಿತು. ಮುಂಬೈಯ ವರ್ಲಿ ಗುಡ್ಡದ ಇಂಥದೇ ಪದರದಲ್ಲಿ ಸಿಕ್ಕಿದ ಪುಟ್ಟ ಕಪ್ಪೆಗಳು ಅಳಿವಿನ ಆಚೆಯವು. ಎರಡನೇ ಆರೋಪಿಯ ಪರವಾಗಿ ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವ ಸಾಕ್ಷಿ ಈ ಕೆರೆಯ ಕೆಸರು. ಲಾವಾ ಮುಚ್ಚಿದ ನೆಲದಲ್ಲೇ ಜೀವ ಮತ್ತೆ ಮತ್ತೆ ಚಿಗುರಿತ್ತು, ಅದಕ್ಕೆ ಸಮಯ ಸಿಕ್ಕಿತ್ತು. ಬಂಡೆ ಕಸಿದದ್ದು ಆ ಸಮಯವನ್ನೇ.

ಎಷ್ಟು ಎನ್ನುವುದಕ್ಕಿಂತ ಎಷ್ಟು ಬೇಗ ಎಂಬುದು ಮುಖ್ಯ ಎನ್ನುವ ಈ ಪಾಠ ಹಳೆಯ ಕಾಲಕ್ಕಷ್ಟೇ ಸಂಬಂಧಿಸಿದ್ದಲ್ಲ. ದಖ್ಖನ್ನು ಉಗುಳಿದ ಇಂಗಾಲವನ್ನು ಅದರ ಲಕ್ಷಾಂತರ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಬರುವ ಪಾಲು ಇಂದು ನಾವು ಕಲ್ಲಿದ್ದಲು, ಎಣ್ಣೆ ಸುಟ್ಟು ಬಿಡುವುದಕ್ಕಿಂತ ಬಹಳ ಕಡಿಮೆ. ನಮ್ಮ ಲೆಕ್ಕದಲ್ಲಿ ಕೆಂಪು ಪಟ್ಟಿಗಳಿಲ್ಲ.

ಇನ್ನು ಉಳಿದಿರುವ ಕೆಲಸ. ಪಶ್ಚಿಮ ಘಟ್ಟದ ಮುಖ್ಯ ಲಾವಾ ರಾಶಿಯಲ್ಲಿ, ಇದೇ ಆ ದಿನ ಎಂದು ಎಲ್ಲರೂ ಒಪ್ಪಿ ಬೆರಳಿಡಬಹುದಾದ ಗೆರೆ ಇನ್ನೂ ಸಿಕ್ಕಿಲ್ಲ. 2019ರ ಎರಡೂ ತಂಡಗಳ ಜಗಳ ಕೊನೆಗೆ ನಿಲ್ಲುವುದು ಇಲ್ಲೇ, ಅಳಿವಿನ ಕ್ಷಣ ಯಾವ ಪದರಗಳ ನಡುವೆ ಬೀಳುತ್ತದೆ ಎಂಬಲ್ಲಿ. ಮೆಕ್ಸಿಕೋದಿಂದ ಎದ್ದ ಧೂಳು ಭೂಮಿಯ ಎಲ್ಲೆಡೆ ಬಿದ್ದಿದೆ. ಆ ದಿನ ಇಲ್ಲಿ ಬಯಲಾಗಿದ್ದ ಕಪ್ಪು ನೆಲದ ಮೇಲೂ ಅದು ಬಿದ್ದಿರಲೇಬೇಕು, ಅದರ ಮೇಲೆ ಮುಂದಿನ ಲಾವಾ ಹರಿದು ಮುಚ್ಚಿರಲೇಬೇಕು. ಈ ಸೀಮೆಯ ಗುಡ್ಡಗಳನ್ನು ಜಲ್ಲಿಗೆಂದು ಒಡೆಯುತ್ತಿದ್ದೇವೆ, ರಸ್ತೆಗೆಂದು ಕಡಿಯುತ್ತಿದ್ದೇವೆ. ಹಾಗೆ ಕಡಿದ ಗೋಡೆಗಳಿಂದಲೇ ವಿಜ್ಞಾನಿಗಳಿಗೆ ಮಾದರಿಗಳು ಸಿಕ್ಕಿದ್ದೂ ಹೌದು. ಘಟ್ಟದಲ್ಲಿ ಕಾರು ನಿಲ್ಲಿಸಿ ಚಹಾ ಕುಡಿಯುವಾಗ ಎದುರಿನ ಗೋಡೆಯಲ್ಲಿ ಕಾಣುವ ಕೆಂಪು ಪಟ್ಟಿಗಳನ್ನು ಕೆಳಗಿನಿಂದ ಎಣಿಸುತ್ತಾ ಹೋಗಿ. ಆ ದಿನ ಅಂಥದ್ದೇ ಒಂದು ಪಟ್ಟಿಯಲ್ಲಿದೆ.